ದೋಣಿಯ ಹಿಂದಿನ ಕಡತ



ದೋಣಿ ಕಟ್ಟುವ ವಿದ್ಯೆಯ ಬಗ್ಗೆ ಉಪನ್ಯಾಸ ಅಂದರೆ ಮರ, ಹಾಯಿ, ಕಡಲುಗಳ ಮಾತು ಬರಬೇಕೆಂದು ಯಾರಾದರೂ ಬಯಸುತ್ತಾರೆ. ನಾನು ಕಾಗದದ ಮಾತು ಆಡಲು ಬಂದಿದ್ದೇನೆ. ಒಂದು ದೋಣಿ ಕಾನೂನಿನ ಪ್ರಕಾರ ಕಟ್ಟಿದ್ದು ಎಂದು ಹೇಳಬೇಕಾದವರು ಯಾರು, ಆ ಮಾತಿಗೆ ಆಧಾರವಾಗಿ ಏನನ್ನು ಬರೆದಿಡಬೇಕು, ಎಷ್ಟು ವರ್ಷ ಕಾಪಾಡಬೇಕು ಎಂಬುದು ಇವತ್ತಿನ ವಿಷಯ. ಇದನ್ನು ಯುರೋಪಿನ ಕಾನೂನನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಸಣ್ಣ ದೋಣಿ ಕಟ್ಟುವವರ ದಾಖಲೆಯ ಹೊಣೆಯನ್ನು ಅಲ್ಲಿ ವಿವರವಾಗಿ ಬಿಡಿಸಿ ಬರೆದಿದ್ದಾರೆ. ನಮ್ಮ ಕರಾವಳಿಗೆ ಅದರಿಂದ ಏನು ದಕ್ಕೀತು ಎಂಬುದನ್ನು ಕೊನೆಯಲ್ಲಿ ನೋಡೋಣ.

ಮೊದಲು ಒಂದು ಹಳೆಯ ಸಂಗತಿ. 1628ರ ಆಗಸ್ಟ್ 10ರಂದು ಸ್ವೀಡನ್ನಿನ ದೊರೆ ಎರಡನೆಯ ಗುಸ್ತಾವ್ ಅಡಾಲ್ಫನ ಹೊಸ ಯುದ್ಧನೌಕೆ ‘ವಾಸಾ’ ಸ್ಟಾಕ್‌ಹೋಮ್ ಬಂದರಿನಿಂದ ಹೊರಟು ಸುಮಾರು 1,300 ಮೀಟರ್ ಸಾಗುವಷ್ಟರಲ್ಲಿ ಗಾಳಿಯ ಹೊಡೆತಕ್ಕೆ ವಾಲಿತು. ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿ, ಬೀಳ್ಕೊಡಲು ಬಂದ ಜನರ ಕಣ್ಣೆದುರೇ ಮುಳುಗಿತು. ಸುಮಾರು 30 ಮಂದಿ ಸತ್ತರು. ಹಡಗಿನ ಮುಖ್ಯ ಬಡಗಿ ಹೆನ್ರಿಕ್ ಹೈಬರ್ಟ್‌ಸನ್ ಒಂದು ವರ್ಷ ಮೊದಲೇ ತೀರಿಹೋಗಿದ್ದ. ಆ ಕಾಲದಲ್ಲಿ ಹಡಗಿಗೆ ನಕ್ಷೆ ಬರೆಯುವ ರೂಢಿ ಇರಲಿಲ್ಲ. ಅಳತೆಯ ಪ್ರಮಾಣಗಳು ಬಡಗಿಯ ತಲೆಯಲ್ಲಿ ಇರುತ್ತಿದ್ದವು. ವಿಚಾರಣೆ ನಡೆಯಿತು. ಕೆಲಸ ಮುಗಿಸಿದ ಬಡಗಿ, ದೊರೆ ಒಪ್ಪಿದ ಅಳತೆಯಂತೆಯೇ ಕಟ್ಟಿದೆವು ಎಂದ. ಅದೇ ವಿಚಾರಣೆಯಲ್ಲಿ ಇನ್ನೊಂದು ಸಂಗತಿ ಹೊರಬಂತು. ಹಡಗು ಹೊರಡುವ ಮೊದಲೇ 30 ಮಂದಿಯನ್ನು ಮೇಲಟ್ಟದಲ್ಲಿ ಈ ಬದಿಯಿಂದ ಆ ಬದಿಗೆ ಓಡಿಸಿ ನೋಡಿದ್ದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಮಗುಚುವ ಹಾಗಾಗಿ, ಅಡ್ಮಿರಲ್ ಕ್ಲಾಸ್ ಫ್ಲೆಮಿಂಗ್ ಪರೀಕ್ಷೆಯನ್ನೇ ನಿಲ್ಲಿಸಿಬಿಟ್ಟಿದ್ದ. ಹಡಗನ್ನು ಮಾತ್ರ ಯಾರೂ ನಿಲ್ಲಿಸಲಿಲ್ಲ. ಯಾರ ಮೇಲೂ ತಪ್ಪು ಸಾಬೀತಾಗಲಿಲ್ಲ, ಯಾರಿಗೂ ಶಿಕ್ಷೆಯಾಗಲಿಲ್ಲ.

333 ವರ್ಷಗಳ ಮೇಲೆ, 1961ರಲ್ಲಿ, ಹಡಗನ್ನು ನೀರಿನಿಂದ ಎತ್ತಿದರು. ಒಳಗೆ ಬಡಗಿಗಳ ನಾಲ್ಕು ಅಳತೆಗೋಲುಗಳು ಸಿಕ್ಕವು. ಎರಡರಲ್ಲಿ 12 ಅಂಗುಲದ ಸ್ವೀಡಿಷ್ ಅಡಿ, ಎರಡರಲ್ಲಿ 11 ಅಂಗುಲದ ಆಮ್‌ಸ್ಟರ್‌ಡ್ಯಾಮ್ ಅಡಿ. ಎಡಬಲ ಬದಿಗಳ ಅಳತೆಯೂ ಒಂದೇ ಸಮ ಇರಲಿಲ್ಲ. ಕೆಲಸಗಾರರು ಯಾವ ಕೋಲಿನಿಂದ ಅಳೆಯುತ್ತಿದ್ದರು ಎಂಬಷ್ಟು ಸಣ್ಣ ಸಂಗತಿ ಅಂದೇ ಒಂದು ಪುಸ್ತಕದಲ್ಲಿ ಇದ್ದಿದ್ದರೆ, ಆ ಓಟದ ಪರೀಕ್ಷೆಯ ಫಲಿತಾಂಶ ಯಾರದಾದರೂ ಸಹಿಯೊಂದಿಗೆ ದಾಖಲಾಗಿದ್ದಿದ್ದರೆ, ಹಡಗನ್ನು ಬಿಡಬೇಕೆನ್ನುವವರು ಆ ಸಹಿಯನ್ನು ದಾಟಿ ಹೋಗಬೇಕಾಗುತ್ತಿತ್ತು. ದಾಖಲೆ ಬೇಕಾಗುವುದು ಕೆಲಸ ನಡೆಯುವಾಗ, ತೀರ್ಮಾನಕ್ಕೆ ಇನ್ನೂ ಸಮಯ ಇರುವಾಗ. ಇಂದು ನಾನು ಹೇಳುವುದೆಲ್ಲ ಇದರ ಸುತ್ತಲೇ ಇದೆ.

ಇನ್ನು ಕಾನೂನು. ಮನರಂಜನೆಗೆ, ಕ್ರೀಡೆಗೆ ಬಳಸುವ ಸಣ್ಣ ದೋಣಿಗಳಿಗೆ ಯುರೋಪಿನಲ್ಲಿ ಮೊದಲ ಸಾಮಾನ್ಯ ನಿರ್ದೇಶನ ಬಂದದ್ದು 1994ರಲ್ಲಿ. 2003ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಈಗ ನಡೆಯುತ್ತಿರುವುದು 2013ರ 53ನೆಯ ನಿರ್ದೇಶನ. 2016ರ ಜನವರಿ 18ರಿಂದ ಅನ್ವಯವಾಗಿದೆ. ಎರಡೂವರೆ ಮೀಟರಿನಿಂದ 24 ಮೀಟರ್ ಉದ್ದದ ದೋಣಿಗಳು ಇದರೊಳಗೆ ಬರುತ್ತವೆ. ಕಯಾಕ್, ಪೆಡಲ್ ದೋಣಿ, ವೆನಿಸ್ಸಿನ ಗೊಂಡೋಲ, ಬರೀ ಪಂದ್ಯಕ್ಕೆಂದೇ ಕಟ್ಟಿದವು ಹೊರಗೆ. ತನಗಾಗಿ ತಾನೇ ಕಟ್ಟಿಕೊಂಡ ದೋಣಿಯನ್ನು ಐದು ವರ್ಷ ಮಾರದಿದ್ದರೆ ಅದೂ ಹೊರಗೆ. ಉಳಿದ ಪ್ರತಿ ದೋಣಿಗೂ ನಾಲ್ಕು ವರ್ಗಗಳಲ್ಲಿ ಒಂದು ಸಿಗುತ್ತದೆ. ಬ್ಯೂಫೋರ್ಟ್ ಮಾಪನದ 8ನ್ನೂ ಮೀರಿದ ಗಾಳಿಯನ್ನು, 4 ಮೀಟರಿಗೂ ಎತ್ತರದ ಅಲೆಯನ್ನು ತಡೆಯಬಲ್ಲದ್ದು ‘ಎ’. ಗಾಳಿ 8, ಅಲೆ 4 ಮೀಟರಿನವರೆಗೆ ‘ಬಿ’. ಗಾಳಿ 6, ಅಲೆ 2 ಮೀಟರಿನವರೆಗೆ ‘ಸಿ’. ಗಾಳಿ 4, ಅಲೆ ಸುಮಾರು 30 ಸೆಂಟಿಮೀಟರಿನವರೆಗೆ ‘ಡಿ’. ಕೆರೆಯಲ್ಲಿ ವಿಹರಿಸುವ ದೋಣಿಗೂ ಸಾಗರ ದಾಟುವ ದೋಣಿಗೂ ಹೀಗೆ ಬೇರೆ ಬೇರೆ ಅಕ್ಷರ.

ಈ ಅಕ್ಷರವನ್ನು ಕೊಡುವವರು ಯಾರು? ಸರಕಾರವಲ್ಲ. ದೋಣಿ ಕಟ್ಟಿದವನೇ. ಇದನ್ನು ಕೇಳಿದಾಗ ನಮ್ಮಲ್ಲಿ ಹಲವರಿಗೆ ನಂಬುವುದು ಕಷ್ಟವಾಗುತ್ತದೆ. ಕೆರೆ, ಹೊಳೆಗಳಲ್ಲಿ ಓಡುವ ‘ಡಿ’ ವರ್ಗದ ದೋಣಿಗೆ, ನಿಗದಿತ ಮಾನದಂಡಗಳನ್ನು ಪೂರ್ತಿ ಅನುಸರಿಸಿದ 12 ಮೀಟರಿನೊಳಗಿನ ‘ಸಿ’ ವರ್ಗದ ದೋಣಿಗೆ ತಯಾರಕ ತನ್ನೊಳಗಿನ ತಪಾಸಣೆಯಿಂದಲೇ ಮುಂದುವರಿಯಬಹುದು. ವರ್ಗ ಏರಿದಂತೆ, ಉದ್ದ ಹೆಚ್ಚಿದಂತೆ ಮಾನ್ಯತೆ ಪಡೆದ ಹೊರಗಿನ ಪರೀಕ್ಷಾ ಸಂಸ್ಥೆ ಒಳಗೆ ಬರುತ್ತದೆ. ಆದರೆ ಎಲ್ಲ ಸಂದರ್ಭದಲ್ಲೂ ಕೊನೆಯ ಅನುಸರಣೆಯ ಘೋಷಣೆಗೆ ಸಹಿ ಹಾಕುವವನು ತಯಾರಕ. ಆ ಘೋಷಣೆಯ ಪ್ರತಿ ದೋಣಿಯ ಜೊತೆ ಕೊಂಡವನ ಕೈಗೆ ಹೋಗುತ್ತದೆ, ಯುರೋಪಿನ ನಿಯಮಕ್ಕೆ ಹೊಂದುತ್ತದೆ ಎಂದು ಸಾರುವ ಸಿಇ ಗುರುತು ದೋಣಿಯ ಮೇಲೆ ಕೂರುತ್ತದೆ. ಕಾನೂನು ಅವನ ಮಾತನ್ನು ನಂಬುತ್ತದೆ, ಒಂದು ಷರತ್ತಿನ ಮೇಲೆ: ಆ ಮಾತಿನ ಹಿಂದಿನ ತಾಂತ್ರಿಕ ಕಡತವನ್ನು, ದೋಣಿ ಮಾರುಕಟ್ಟೆಗೆ ಬಂದ ದಿನದಿಂದ 10 ವರ್ಷ ಅವನು ಇಟ್ಟುಕೊಂಡಿರಬೇಕು. ಮಾರುಕಟ್ಟೆಯ ನಿಗಾ ಅಧಿಕಾರಿ ಕಾರಣ ಕೊಟ್ಟು ಕೇಳಿದರೆ, ಆ ಅಧಿಕಾರಿಗೆ ಅರ್ಥವಾಗುವ ಭಾಷೆಯಲ್ಲಿ ತೋರಿಸಬೇಕು. ಆಮದುದಾರನೂ ಘೋಷಣೆಯ ಪ್ರತಿಯನ್ನು ಅಷ್ಟೇ ಕಾಲ ಇಡಬೇಕು. ಯಾರಿಂದ ಕೊಂಡೆ, ಯಾರಿಗೆ ಕೊಟ್ಟೆ ಎಂದು ಸರಪಳಿಯ ಪ್ರತಿಯೊಬ್ಬ ವ್ಯಾಪಾರಿಯೂ 10 ವರ್ಷದವರೆಗೆ ಹೇಳಲು ಸಿದ್ಧನಿರಬೇಕು.

ಕಡತದಲ್ಲಿ ಏನಿರಬೇಕು ಎಂಬುದನ್ನೂ ನಿರ್ದೇಶನ ಹೇಳಿದೆ. ದೋಣಿಯ ಮಾದರಿಯ ವಿವರಣೆ, ವಿನ್ಯಾಸದ ಮತ್ತು ತಯಾರಿಕೆಯ ನಕ್ಷೆಗಳು, ಅವು ಅರ್ಥವಾಗಲು ಬೇಕಾದ ಟಿಪ್ಪಣಿಗಳು, ಯಾವ ಮಾನದಂಡವನ್ನು ಎಷ್ಟರ ಮಟ್ಟಿಗೆ ಅನುಸರಿಸಿದೆ ಎಂಬ ಪಟ್ಟಿ, ಲೆಕ್ಕಾಚಾರದ ಫಲಿತಾಂಶ, ಪರೀಕ್ಷೆಯ ವರದಿಗಳು. ಸ್ಥಿರತೆ ಮತ್ತು ತೇಲುವಿಕೆಯ ಪರೀಕ್ಷೆ ಇಲ್ಲವೇ ಲೆಕ್ಕ ಇರಲೇಬೇಕು. ಸ್ಥಿರತೆಯ ಪರೀಕ್ಷೆಗಳಲ್ಲಿ ಒಂದಂತೂ ವಾಸಾದ ಅಟ್ಟದ ಮೇಲೆ ನಡೆದದ್ದರ ಸಂತತಿಯೇ. ಒಬ್ಬ ಮನುಷ್ಯನಿಗೆ 75 ಕಿಲೊ ಎಂದು ಹಿಡಿದು, ದೋಣಿಗೆ ಹೇಳಿದಷ್ಟೂ ಮಂದಿಯ ಭಾರವನ್ನು ಒಂದು ಬದಿಗೆ ಇಟ್ಟು, ದೋಣಿ ಎಷ್ಟು ಡಿಗ್ರಿ ವಾಲಿತು, ನೀರಿಗೂ ಅಂಚಿಗೂ ಎಷ್ಟು ಅಂತರ ಉಳಿಯಿತು ಎಂದು ಅಳೆಯುತ್ತಾರೆ. ಭಾರ ಎಲ್ಲಿಟ್ಟರು, ಟ್ಯಾಂಕಿನಲ್ಲಿ ಎಷ್ಟು ಎಣ್ಣೆ ಇತ್ತು, ಯಾವ ಎಂಜಿನ್ ಕೂರಿಸಿತ್ತು ಎಂಬುದು ಅಂದಿನ ದಿನಾಂಕದೊಡನೆ ಕಡತ ಸೇರದಿದ್ದರೆ ವಾಲಿದ ಡಿಗ್ರಿಗೆ ಅರ್ಥವಿಲ್ಲ. ಇನ್ನೊಬ್ಬರು ಅದೇ ಪರೀಕ್ಷೆಯನ್ನು ಮತ್ತೆ ಮಾಡಿ ತಾಳೆ ನೋಡಲಾರರು.

ಕಡತಕ್ಕೂ ನೀರಿನ ಮೇಲಿನ ದೋಣಿಗೂ ಗಂಟು ಹಾಕುವುದು 14 ಅಕ್ಷರಗಳ ಒಂದು ಸಂಖ್ಯೆ. ದೋಣಿಯ ಹಿಂಭಾಗದಲ್ಲಿ, ಬಲಬದಿಯ ಮೇಲಂಚಿಗೆ ಹತ್ತಿರ, ಅಳಿಸಲಾಗದಂತೆ ಅದನ್ನು ಕೂರಿಸುತ್ತಾರೆ. ಸುಲಭಕ್ಕೆ ಕಣ್ಣಿಗೆ ಬೀಳದ ಇನ್ನೊಂದು ಜಾಗದಲ್ಲೂ ಅದೇ ಸಂಖ್ಯೆ ಇರುತ್ತದೆ, ಮೇಲಿನದನ್ನು ಕೆರೆದು ತೆಗೆದರೂ ಗುರುತು ಉಳಿಯಲೆಂದು. ತಿಳಿಸಲಿಕ್ಕಾಗಿ ಒಂದು ಸಂಖ್ಯೆಯನ್ನು ನಾನೇ ಮಾಡಿದ್ದೇನೆ: ಎಫ್‌ಐ–ಎಬಿಸಿ12345ಡಿ616. ಮೊದಲ ಎರಡು ಅಕ್ಷರ ದೇಶ, ಇಲ್ಲಿ ಫಿನ್‌ಲೆಂಡ್. ಮುಂದಿನ ಮೂರು ಆ ದೇಶ ತಯಾರಕನಿಗೆ ಕೊಟ್ಟ ಗುರುತು. 12345 ದೋಣಿಯ ಸರಣಿ ಸಂಖ್ಯೆ. ಜನವರಿ ‘ಎ’ ಆದರೆ ‘ಡಿ’ ಏಪ್ರಿಲ್. ಅದರ ಮುಂದಿನ 6 ಅಂದರೆ 2016. ಕೊನೆಯ 16 ಮಾದರಿಯ ವರ್ಷ. ಇದರ ಜೊತೆಗೆ ತಯಾರಕನ ಫಲಕ: ಅವನ ಹೆಸರು, ವಿಳಾಸ, ಸಿಇ ಗುರುತು, ದೋಣಿಯ ವರ್ಗ, ಹೊರಬಹುದಾದ ಗರಿಷ್ಠ ಭಾರ, ಎಷ್ಟು ಮಂದಿ. ದೋಣಿ ಹತ್ತುವ ಮೊದಲು ಯಾರು ಬೇಕಾದರೂ ಓದಿಕೊಳ್ಳಬಹುದಾದ ಫಲಕ ಇದು. ಎಷ್ಟು ಮಂದಿ ಎಂಬ ಆ ಒಂದು ಅಂಕಿಯ ಹಿಂದೆ ನಾನು ಈಗ ಹೇಳಿದ ಭಾರದ ಪರೀಕ್ಷೆ ನಿಂತಿರಬೇಕು.

ಕಡತವನ್ನು ಯಾವಾಗ, ಯಾರು ಬರೆಯುತ್ತಾರೆ ಎಂಬಲ್ಲಿ ನನಗೆ ಬಲವಾದ ಅಭಿಪ್ರಾಯವಿದೆ. ಫೈಬರ್ ದೋಣಿಯ ಕಾರ್ಖಾನೆಯನ್ನು ಕಣ್ಮುಂದೆ ತಂದುಕೊಳ್ಳಿ. ಅಚ್ಚಿಗೆ ಮೇಣ ಉಜ್ಜಿ, ಜೆಲ್‌ಕೋಟ್ ಬಳಿದು, ಅದು ಬೆರಳಿಗೆ ಅಂಟುವ ಹದಕ್ಕೆ ಬಂದಾಗ ಮೊದಲ ಪದರ ಮ್ಯಾಟ್ ಹಾಸಿ ರೆಸಿನ್ ಕುಡಿಸುತ್ತಾರೆ. ರೆಸಿನ್ನಿಗೆ ಹಾರ್ಡನರ್ ಎಷ್ಟು ಬೆರೆಸಿದರು ಎಂಬುದು ಆ ಹೊತ್ತಿನ ಸೆಕೆಯನ್ನು ನೋಡಿ ಮಾಡಿದ ನಿರ್ಧಾರ. ಹೆಚ್ಚಾದರೆ ಪದರ ಬಿಸಿಯೇರಿ ಸುಡುತ್ತದೆ, ಕಡಿಮೆಯಾದರೆ ಪೂರ್ತಿ ಗಟ್ಟಿಯಾಗುವುದಿಲ್ಲ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಮ್ಯಾಟ್ ಅದನ್ನು ಹೀರಿಕೊಂಡು ರೆಸಿನ್ನನ್ನು ಸರಿಯಾಗಿ ಹಿಡಿಯುವುದಿಲ್ಲ. ದೋಣಿಯ ಹೊರಗೆ ಇದಾವುದೂ ಕಾಣುವುದಿಲ್ಲ. ಜೆಲ್‌ಕೋಟ್ ಎಲ್ಲವನ್ನೂ ಮುಚ್ಚಿ ಹೊಳೆಯುತ್ತದೆ. ನಕ್ಷೆಯಲ್ಲಿ ಏಳು ಪದರ ಎಂದು ಬರೆದಿದ್ದು ತಳದಲ್ಲಿ ಆರೇ ಪದರ ಕೂತಿದ್ದರೆ, ಅದನ್ನು ತಿಳಿದವನು ಅಂದು ರೋಲರ್ ಹಿಡಿದಿದ್ದವನೊಬ್ಬನೇ.

ಆದ್ದರಿಂದ ಅಚ್ಚಿನ ಪಕ್ಕದ ಗೋಡೆಗೆ ಒಂದು ಹಾಳೆ ಇರಬೇಕು. ದಿನಾಂಕ, ರೆಸಿನ್ ಡ್ರಮ್ಮಿನ ಬ್ಯಾಚ್ ಸಂಖ್ಯೆ, ಹಾರ್ಡನರಿನ ಪ್ರಮಾಣ, ಸೆಕೆ, ತೇವ, ಯಾವ ಪದರ, ಯಾರ ಕೈ. ಪ್ರತಿ ಪದರಕ್ಕೂ ಒಂದು ಸಾಲು. ಅಚ್ಚಿನಿಂದ ತೆಗೆದ ಮೇಲೆ ದೋಣಿಯ ತೂಕ. ತೂಕ ಲೆಕ್ಕಕ್ಕಿಂತ ಕಡಿಮೆ ಬಂದರೆ ಪದರ ತಪ್ಪಿರಬಹುದು, ಜಾಸ್ತಿ ಬಂದರೆ ರೆಸಿನ್ ಮಡುಗಟ್ಟಿರಬಹುದು. ತಕ್ಕಡಿ ಬಹಳಷ್ಟನ್ನು ಹೇಳುತ್ತದೆ. ಇಷ್ಟನ್ನು ಎಣ್ಣೆಗೈಯಲ್ಲಿ, ಓರೆ ಅಕ್ಷರದಲ್ಲಿ ಬರೆದರೂ ಅದಕ್ಕೆ ಬೆಲೆ ಇದೆ. ಇದನ್ನೆಲ್ಲ ಬಿಟ್ಟು, ವರ್ಷದ ಕೊನೆಗೆ ಒಬ್ಬ ಸಲಹೆಗಾರನನ್ನು ಕರೆಸಿ ನೂರಾರು ಪುಟದ ಕಡತವನ್ನು ಟೈಪು ಮಾಡಿಸಿ ಬೈಂಡು ಹಾಕಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಅಂಥ ಕಡತ ದೋಣಿ ಹೇಗಿರಬೇಕಿತ್ತು ಎಂದು ಹೇಳುತ್ತದೆ. ಈ ದೋಣಿ ಹೇಗಿದೆ ಎಂದು ಹೇಳಲು ಗೋಡೆಯ ಹಾಳೆಯೇ ಬೇಕು.

ಸರಣಿಯಲ್ಲಿ ಕಟ್ಟುವವರಿಗೆ ಇನ್ನೊಂದು ಅಪಾಯವಿದೆ. ಮೊದಲ ದೋಣಿಯನ್ನು ಪರೀಕ್ಷಿಸಿ ಕಡತ ಮಾಡುತ್ತಾರೆ. ಐವತ್ತನೆಯದರ ಹೊತ್ತಿಗೆ ರೆಸಿನ್ ಕಂಪನಿ ಬದಲಾಗಿರುತ್ತದೆ, ಗಿರಾಕಿ ಕೇಳಿದನೆಂದು ಕಿಟಕಿ ದೊಡ್ಡದಾಗಿರುತ್ತದೆ, ಹಳೆಯ ಎಂಜಿನ್ ಸಿಗದೆ ಇನ್ನಷ್ಟು ಭಾರದ್ದು ಕೂತಿರುತ್ತದೆ. ಒಂದೊಂದೂ ಸಣ್ಣ ಬದಲಾವಣೆ. ಎಲ್ಲ ಸೇರಿದಾಗ ಕಡತದಲ್ಲಿರುವ ದೋಣಿ ಬೇರೆ, ಕಡಲಿಗೆ ಇಳಿಯುವ ದೋಣಿ ಬೇರೆ. ಸರಣಿ ಉತ್ಪಾದನೆ ನಿಯಮದಿಂದ ಜಾರದಂತೆ ಕ್ರಮ ಇಟ್ಟುಕೊಳ್ಳಬೇಕು, ವಿನ್ಯಾಸ ಬದಲಾದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ನಿರ್ದೇಶನ ಸ್ಪಷ್ಟವಾಗಿ ಹೇಳಿದೆ. ಅಪಾಯ ಇದೆಯೆಂದು ಕಂಡರೆ ಮಾರಿದ ದೋಣಿಗಳನ್ನು ಮತ್ತೆ ಪರೀಕ್ಷಿಸಬೇಕು. ದೂರುಗಳಿಗೆ, ನಿಯಮಕ್ಕೆ ಹೊಂದದ ದೋಣಿಗಳಿಗೆ, ವಾಪಸು ಕರೆಸಿಕೊಂಡವುಗಳಿಗೆ ಅಗತ್ಯವಿದ್ದಲ್ಲಿ ಒಂದು ರಿಜಿಸ್ಟರ್ ಇಡಬೇಕು.

10 ವರ್ಷದ ಲೆಕ್ಕವನ್ನೂ ಜಾಗ್ರತೆಯಿಂದ ಹಾಕಬೇಕು. ಒಂದೇ ಅಚ್ಚಿನಿಂದ 12 ವರ್ಷ ದೋಣಿ ತೆಗೆದರೆ ಕೊನೆಯ ದೋಣಿಗೂ ಅದೇ ಮೂಲ ನಕ್ಷೆ ಆಧಾರ. ಅಲ್ಲಿಗೆ ಮೊದಲ ದಿನದ ನಕ್ಷೆಯನ್ನು 22 ವರ್ಷ ಕಾಪಾಡಬೇಕಾಯಿತು. ಒಳ್ಳೆಯ ಫೈಬರ್ ದೋಣಿ ಅದಕ್ಕಿಂತಲೂ ಹೆಚ್ಚು ಬಾಳುತ್ತದೆ. 2014ರ ಮೇ ತಿಂಗಳಲ್ಲಿ ‘ಚೀಕಿ ರಫೀಕಿ’ ಎಂಬ ಬ್ರಿಟಿಷ್ ಹಾಯಿದೋಣಿ ಆಂಟಿಗುವಾದಿಂದ ಇಂಗ್ಲೆಂಡಿಗೆ ಮರಳುವಾಗ ಅಟ್ಲಾಂಟಿಕ್ ನಡುವೆ ಅದರ ತಳದ ಭಾರವಾದ ಕೀಲ್ ಕಳಚಿ ಮಗುಚಿತು. ನಾಲ್ವರೂ ಇಲ್ಲವಾದರು. ದೋಣಿಗೆ ಆಗ ಎಂಟು ವರ್ಷ. ಹಿಂದೆ ನೆಲಕ್ಕೆ ತಾಗಿದ ಘಟನೆಗಳು, ಆ ಮೇಲಿನ ರಿಪೇರಿಗಳು ಒಟ್ಟುಗೂಡಿ ಕೀಲ್ ಕೂತ ಜಾಗವನ್ನು ದುರ್ಬಲಗೊಳಿಸಿದ್ದಿರಬಹುದು ಎಂದು ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಶಾಖೆ ವರದಿ ಕೊಟ್ಟಿತು. ‘ಇರಬಹುದು’ ಎಂಬಲ್ಲೇ ನಿಲ್ಲಬೇಕಾಯಿತು, ಪರೀಕ್ಷಿಸಲು ದೋಣಿ ಕೈಗೆ ಸಿಗಲಿಲ್ಲ. ಇಂಥ ಹೊತ್ತಿನಲ್ಲಿ ತನಿಖೆಗಾರನಿಗೆ ಕಟ್ಟಿದವನ ಕಡತ, ರಿಪೇರಿ ಮಾಡಿದವನ ಕಡತ ಬಿಟ್ಟರೆ ಬೇರೆ ಗತಿ ಇಲ್ಲ. ಕಾನೂನಿನ 10 ವರ್ಷವನ್ನು ಕನಿಷ್ಠ ಎಂದಷ್ಟೇ ತಿಳಿಯಿರಿ. ದೋಣಿ ಓಡುವವರೆಗೂ ಅದರ ಹಾಳೆ ಇರಲಿ ಎಂದು ಕಟ್ಟುವವರನ್ನು ನಾನು ಕೇಳಿಕೊಳ್ಳುತ್ತೇನೆ.

ಅಮೆರಿಕದ ದಾರಿ ಸ್ವಲ್ಪ ಬೇರೆ. 1971ರ ಫೆಡರಲ್ ದೋಣಿ ಸುರಕ್ಷತಾ ಕಾಯ್ದೆಯ ಅಡಿಯಲ್ಲಿ ಅಲ್ಲೂ ತಯಾರಕನೇ ಪ್ರಮಾಣೀಕರಿಸುತ್ತಾನೆ. 1972ರ ನವೆಂಬರಿನಿಂದ ಪ್ರತಿ ದೋಣಿಗೂ 12 ಅಕ್ಷರದ ಸಂಖ್ಯೆ ಇದೆ. ಕೋಸ್ಟ್ ಗಾರ್ಡ್ ಕಾರ್ಖಾನೆಗೆ ಬಂದು ನೋಡುತ್ತದೆ. ಕೆಲವೊಮ್ಮೆ ದೋಣಿಗಳನ್ನು ಕೊಂಡು ತಾನೇ ಪರೀಕ್ಷಿಸುತ್ತದೆ. ನನಗೆ ಮುಖ್ಯ ಅನ್ನಿಸುವುದು ಮೊದಲ ಕೊಳ್ಳುಗರ ಪಟ್ಟಿ. ದೋಷ ಪತ್ತೆಯಾದರೆ ತಯಾರಕ ಆ ಕೊಳ್ಳುಗರಿಗೆ ತಿಳಿಸಿ ಸರಿಪಡಿಸಿಕೊಡಬೇಕು. ಹೆಸರು, ವಿಳಾಸ ಬರೆದಿಡದೆ ಮಾರಿದವನಿಗೆ ಇದು ಸಾಧ್ಯವಿಲ್ಲ. ದೋಷ ಗೊತ್ತಿದ್ದೂ ಯಾರ ಮನೆಯ ಮಕ್ಕಳು ಆ ದೋಣಿಯಲ್ಲಿ ಕೂರುತ್ತಾರೆಂದು ತಿಳಿಯದ ಸ್ಥಿತಿ.

ಸಣ್ಣ ಕಾರ್ಖಾನೆಯವರ ಆಕ್ಷೇಪ ಒಂದಿದೆ. ವರ್ಷಕ್ಕೆ ನಾಲ್ಕೈದು ದೋಣಿ ಕಟ್ಟುವವನೂ ನೂರಾರು ಕಟ್ಟುವವನೂ ಒಂದೇ ಕಡತ ಇಡಬೇಕೆಂದರೆ ಖರ್ಚು ಸಣ್ಣವನ ಮೇಲೇ ಬೀಳುತ್ತದೆ ಎಂಬುದು. ಈ ಮಾತು ನಿಜ. ಪರೀಕ್ಷಾ ಸಂಸ್ಥೆಯ ಶುಲ್ಕ ಒಂದು ದೋಣಿಯ ಮೇಲೆ ಬಿದ್ದರೆ ಹೊರೆ, ನೂರರ ಮೇಲೆ ಹಂಚಿದರೆ ಹಗುರ. 1950ಕ್ಕಿಂತ ಹಿಂದಿನ ವಿನ್ಯಾಸವನ್ನು ಮೂಲ ಸಾಮಗ್ರಿಯಲ್ಲೇ ಬಿಡಿಯಾಗಿ ಮತ್ತೆ ಕಟ್ಟುವವರಿಗೆ ನಿರ್ದೇಶನ ವಿನಾಯಿತಿ ಕೊಟ್ಟಿರುವುದು ಹಳೆಯ ಕಸುಬು ಉಳಿಯಲೆಂದೇ, ಅದು ಒಳ್ಳೆಯ ಕೆಲಸ. ಆದರೆ ಪರೀಕ್ಷೆಯ ಶುಲ್ಕಕ್ಕೂ ಗೋಡೆಯ ಹಾಳೆಗೂ ಸಂಬಂಧವಿಲ್ಲ. ಬರೆಯುವುದು ತೀರ ಅಗ್ಗದ ಭಾಗ. ಸಣ್ಣ ಕಾರ್ಖಾನೆಯಲ್ಲಿ ಎಲ್ಲವೂ ಒಬ್ಬ ಹಿರಿಯನ ನೆನಪಿನಲ್ಲಿ ಇರುವುದರಿಂದ, ಹೈಬರ್ಟ್‌ಸನ್ ತೀರಿಕೊಂಡಾಗ ಆದದ್ದು ಅಲ್ಲೇ ಬೇಗ ಆಗುತ್ತದೆ.

ಈಗ ನಮ್ಮ ನೀರಿಗೆ ಬರೋಣ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಮಂದಿ ಸತ್ತರು. ಅದು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಮಾಡಿದ್ದು. ಮೀನು, ಬಲೆ, ಮಂಜುಗಡ್ಡೆಗಳ ಭಾರ ತಳದಲ್ಲಿ ಕೂರುತ್ತದೆ. ಅಟ್ಟ ಕಟ್ಟಿ ಜನರನ್ನು ಮೇಲೆ ಹತ್ತಿಸಿದರೆ ಭಾರವೂ ಮೇಲೇರುತ್ತದೆ. ಆ ಕ್ಷಣಕ್ಕೆ ಹಳೆಯ ಸ್ಥಿರತೆಯ ಲೆಕ್ಕ ರದ್ದಾದಂತೆ. ಸುರಕ್ಷತೆಯ ಮೂಲ ಅಗತ್ಯಗಳಿಗೆ ಧಕ್ಕೆ ತರುವಂಥ ದೊಡ್ಡ ಮಾರ್ಪಾಡು ಮಾಡಿದರೆ ದೋಣಿಯನ್ನು ಹೊಸದೆಂಬಂತೆ ಮತ್ತೆ ಅಳೆಯಬೇಕು, ಹೊಣೆ ಮಾರ್ಪಾಡು ಮಾಡಿದವನದು ಎಂದು ಯುರೋಪಿನ ನಿರ್ದೇಶನ ಹೇಳುತ್ತದೆ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಗೆ ಹೋಗಿದ್ದವರ ದೋಣಿ ಮಗುಚಿ ಮಕ್ಕಳೂ ಸೇರಿ ಹಲವರು ಸತ್ತದ್ದನ್ನು ಈ ಸಭೆಗೆ ನೆನಪಿಸಬೇಕಿಲ್ಲ. ಒಳನಾಡಿನ ನೀರಿಗೆ 1917ರ ಹಳೆಯ ಕಾಯ್ದೆ ಹೋಗಿ 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ಸರ್ವೆ, ನೋಂದಣಿ, ದೇಶಕ್ಕೆಲ್ಲ ಒಂದೇ ದತ್ತಾಂಶ ಕೋಶ ಅದರಲ್ಲಿವೆ. ಅಧಿಕಾರಿ ಬಂದು ನೋಡುವ ದಿನದ ದಾಖಲೆ ಇದರಿಂದ ಗಟ್ಟಿಯಾದೀತು. ಕಟ್ಟುವ ದಿನಗಳ ದಾಖಲೆಯನ್ನು ಕಟ್ಟುವವರೇ ಶುರುಮಾಡಬೇಕು.

ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡಕ್ಕೆ ಬರುತ್ತವೆ, ರಿಪೇರಿ, ಹೊಸ ಫೈಬರ್ ಪದರ ಎಲ್ಲ ಆಗಲೇ. ಗಾಳಿಯಲ್ಲಿ ತೇವ ತುಂಬಿರುವ ತಿಂಗಳುಗಳೂ ಅವೇ. ಆದ್ದರಿಂದ ನನ್ನ ಕೋರಿಕೆ ಈ ಮಳೆಗಾಲದ ಕೆಲಸಕ್ಕೆ ಸಂಬಂಧಿಸಿದ್ದು. ಮಲ್ಪೆ, ಗಂಗೊಳ್ಳಿ, ಮಂಗಳೂರು, ಹೊನ್ನಾವರ, ಕಾರವಾರಗಳ ಮೀನುಗಾರರ ಸಹಕಾರಿ ಸಂಘಗಳು ಕನ್ನಡದಲ್ಲಿ ಒಂದು ಪುಟದ ನಮೂನೆಯನ್ನು ಅಚ್ಚು ಹಾಕಿಸಿ ಪ್ರತಿ ಕಾರ್ಖಾನೆಗೂ ಕೊಡಲಿ. ಬೋಟಿನ ನೋಂದಣಿ ಸಂಖ್ಯೆ, ಕೆಲಸ ನಡೆದ ಜಾಗ, ಎಷ್ಟು ಪದರ ತೆಗೆದರು, ಎಷ್ಟು ಹಾಕಿದರು, ರೆಸಿನ್ ಬ್ಯಾಚು, ಸೆಕೆ, ತೇವ, ಹೊಸದಾಗಿ ಕೂರಿಸಿದ ಯಂತ್ರದ ತೂಕ, ಅಟ್ಟಕ್ಕೆ ಸೇರಿಸಿದ್ದೇನಾದರೂ ಇದ್ದರೆ ಅದರ ತೂಕ, ಕೆಲಸ ಮಾಡಿದವನ ಹೆಸರು, ಮಾಲೀಕನ ಸಹಿ. ಮೂರು ಪ್ರತಿ: ಒಂದು ಕಾರ್ಖಾನೆಗೆ, ಒಂದು ಮಾಲೀಕನಿಗೆ, ಒಂದು ಸಂಘದ ಕಪಾಟಿಗೆ. ಬೋಟು ಕೈ ಬದಲಾಯಿಸಿದರೆ ಮಾಲೀಕನ ಪ್ರತಿ ಬೋಟಿನ ಜೊತೆ ಹೋಗಲಿ. ಇಲ್ಲಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಮೂನೆಯ ಕರಡನ್ನು ಬರೆಯಲು ಮುಂದೆ ಬಂದರೆ, ಅದನ್ನು ಕಾರ್ಖಾನೆಯವರ ಜೊತೆ ಕೂತು ತಿದ್ದಲು ನಾನು ಸಿದ್ಧನಿದ್ದೇನೆ. ಮೇ ತಿಂಗಳೊಳಗೆ ಅದು ಅಚ್ಚಾಗಿ ಬಂದರೆ ಬರುವ ನಿಷೇಧದ ಅವಧಿಗೇ ಬಳಕೆಗೆ ಸಿಗುತ್ತದೆ.